ನಾಲ್ಕು ನಿಂಬೆಹಣ್ಣಿನ ಬ್ರೇಕು

"ಮನುಷ್ಯ ಜೋಡಿಸಿದ್ದನ್ನ ಮನುಷ್ಯನೇ ಬಿಚ್ಚಬೇಕು, ಮನುಷ್ಯನೇ ಹಾಕಬೇಕು! ನನ್ ಕಾರಿಗೆ ನಾನೇ ಬ್ರೇಕ್ ಪ್ಯಾಡ್ ಹಾಕ್ತೀನಿ!"

ಭಾನುವಾರ ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ ತಿಂದು ಕೈ ತೊಳೆದ ಕೆಂಚೇಶ್ ಅಂಗಳದಲ್ಲಿ ನಿಂತು ಹೀಗೆ ಸಾರಿದಾಗ ಹೆಂಡತಿ ಸುಚಿತ್ರಾ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. ಕೆಂಚೇಶನದು ನ್ಯಾಮತಿಯಲ್ಲಿ ಪಂಪ್‌ಸೆಟ್ ಅಂಗಡಿ. ಪಂಪು ಬಿಚ್ಚಿದ ಕೈಗೆ ಕಾರೊಂದು ಲೆಕ್ಕವೇ ಎಂಬುದು ಅವನ ವಾದ. ಕಾರಾದರೋ ಕೆಲವು ದಿನಗಳಿಂದ ಬ್ರೇಕು ಒತ್ತಿದರೆ ಸಾಕು, ಕೀಂಯ್ ಎಂದು ಬೀದಿಗೆಲ್ಲ ಕೇಳುವಂತೆ ಅರಚುತ್ತಿತ್ತು. ಮೆಕ್ಯಾನಿಕ್ಕು ಮದುವೆಗೆ ಹೋಗಿದ್ದ.

"ನಾಳೆ ಸೊಕ್ಕೆಗೆ ಹೋಗ್ಬೇಕು ಕಣ್ರೀ. ನಮ್ ತಿಪ್ಪೇಶನ ಮಗೀಗೆ ತೊಟ್ಟಿಲು. ಸೋದರತ್ತೆ ಅಂತ ಇರೋಳು ನಾನೊಬ್ಳೇ. ನಾನು ಹೋಗಿ ಕಿವೀಗೆ ಊದೋತನಕ ಕೂಸಿಗೆ ಹೆಸರೇ ಇರಲ್ಲ. ಸುಮ್ನೆ ಬಸ್ಸಿಗೆ ಹೋಗಾಣ."

"ಬಸ್ಸಿಗಾ? ಆ ಮನೆ ಅಳಿಯ ಬಸ್ಸಿನಾಗೆ ಬಂದಿಳೀಬೇಕಾ?"

"ಹಂಗಾದ್ರೆ ಕೇಳ್ರಿ. ಕಾರು ಸರಿಯಾದ್ರೆ ನೀವು ಓಡಿಸ್ರಿ. ಏನಾದ್ರೂ ಎಡವಟ್ಟಾಯ್ತೋ, ಸ್ಟೇರಿಂಗ್ ನಂದು. ನೀವು ಹಿಂದಿನ ಸೀಟಿನಾಗೆ ಅತ್ತೆ ಪಕ್ಕ!"

ಸುಚಿತ್ರಾ ಯುಗಾದಿ ಕಳೆದ ಮೇಲೆ ಲೈಸೆನ್ಸ್ ಮಾಡಿಸಿದ್ದಳು. ಅದು ಬೀರುವಿನಲ್ಲಿ ಧಾರೆ ಸೀರೆಯ ಮಡಿಕೆಯೊಳಗೆ ಬೆಚ್ಚಗೆ ಮಲಗಿತ್ತು. ಕಾರಿನಲ್ಲಿ ಅವಳಿಗೆ ಇದ್ದ ಅಧಿಕಾರವೆಂದರೆ ಹಾರ್ನ್ ಹೊಡೆಯುವುದೊಂದೇ, ಅದೂ ಕಾರು ನಿಂತಾಗ. ಗೆಲುವು ತನ್ನದೇ ಎಂದುಕೊಂಡ ಕೆಂಚೇಶ್, "ಆಯ್ತು, ಒಪ್ದೆ!" ಎಂದು ತೋಳೇರಿಸಿದ.

ಮೊಬೈಲು ತುಳಸಿಕಟ್ಟೆಗೆ ಒರಗಿತು. ಅದರೊಳಗಿನ ವಿಡಿಯೋ ಗುರು ಹೇಳಿದಂತೆ ಈ ಶಿಷ್ಯ ಗಾಲಿಗೆ ಕಲ್ಲು ಕೊಟ್ಟ, ಜಾಕು ಏರಿಸಿದ, ಬೋಲ್ಟು ಬಿಚ್ಚಿದ. ಹಳೆಯ ಪ್ಯಾಡು ಹೊರಬಂತು.

"ನೋಡೇ, ಹಳೇದು ಹಪ್ಪಳ, ಹೊಸದು ರೊಟ್ಟಿ!"

ಹಪ್ಪಳದ ಜಾಗಕ್ಕೆ ರೊಟ್ಟಿ ಹಿಡಿಸಬೇಕಲ್ಲ? ಪ್ಯಾಡನ್ನು ಒತ್ತುವ ಪಿಸ್ಟನ್ನನ್ನು ಕ್ಲಾಂಪಿನಿಂದ ಅದುಮಿ ಹಿಂದಕ್ಕೆ ಅಟ್ಟಿದ. ಒಂದು ಗಾಲಿ ಮುಗಿಯಿತು, ಎರಡನೆಯದೂ ಮುಗಿಯಿತು. ಮುಖ ಮಾತ್ರ ಒಲೆಯಿಂದ ಇಳಿಸಿದ ಬಾಣಲೆಯಂತಾಗಿತ್ತು.

"ವಿಡಿಯೋ ಇನ್ನೂ ಒಂಚೂರು ಐತೆ ನೋಡ್ರಿ."

"ಇನ್ನೇನಿರ್ತೈತೆ ಅದ್ರಾಗೆ! ಲೈಕ್ ಮಾಡಿ, ಸಬ್‌ಸ್ಕ್ರೈಬ್ ಮಾಡಿ ಅಂತ ಜೋಳಿಗೆ ಒಡ್ತಾನೆ!" ಎಂದು ಕೆಂಚೇಶ್ ಗುರುವಿನ ಬಾಯಿ ಮುಚ್ಚಿಸಿದ.

ಅಷ್ಟರಲ್ಲಿ ಅವನ ತಾಯಿ ದುರುಗಮ್ಮ ನಾಲ್ಕು ನಿಂಬೆಹಣ್ಣು ಹಿಡಿದು ಬಂದರು.

"ಹೊಸ ಸಾಮಾನು ಹಾಕೀಯ. ನಿಂಬೆಹಣ್ಣು ಹತ್ತಿಸ್ದೆ ಗಾಡಿ ಬೀದಿಗೆ ಇಳಿಯಂಗಿಲ್ಲ."

"ಅವ್ವಾ, ಬ್ರೇಕ್ ಹಿಡಿಯೋದು ಪ್ಯಾಡು. ನಿಂಬೆಹಣ್ಣಲ್ಲ!"

"ನಿನ್ ಪ್ಯಾಡು ನಿಂಗೆ, ನನ್ ಹಣ್ಣು ನಂಗೆ. ಒಂದು ಗೇಣು ಮುಂದೆ ಬಂದು ನಿಂತ್ಕ, ಸಾಕು."

ಒಂದು ಗೇಣು! ಅಂಗಳ ಬೀದಿಯ ಕಡೆಗೆ ಇಳಿಜಾರು. ಬೀದಿಯಾಚೆ ಎದುರುಮನೆ ಚಿಕ್ಕಹನುಮಂತಪ್ಪನ ತಿಪ್ಪೆ. ನಾಲ್ಕು ಗಾಲಿಯ ಮುಂದೂ ಹಣ್ಣಿಟ್ಟು ಹೆಂಗಸರಿಬ್ಬರೂ ಪಕ್ಕಕ್ಕೆ ಸರಿದರು. ಕೆಂಚೇಶ್ ಗಾಡಿ ಚಾಲೂ ಮಾಡಿ ರಾಜಗಾಂಭೀರ್ಯದಿಂದ ಕದಲಿಸಿದ. ನಿಂಬೆಹಣ್ಣು ಪಚಕ್ ಎಂದವು. ಬ್ರೇಕ್ ಒತ್ತಿದ. ಗದ್ದೆಯ ಕೆಸರಿಗೆ ಕಾಲಿಟ್ಟಂತೆ ಪೆಡಲು ಮೆತ್ತಗೆ ತಳಕ್ಕೆ ಇಳಿದುಹೋಯಿತು!

"ಸಾಕು ನಿಲ್ಸೋ!"

"ನಿಲ್ತಿಲ್ಲವ್ವಾ!"

"ಹೋ! ಹೋ! ಹೋ ಬಸವಾ!" ದುರುಗಮ್ಮ ಎತ್ತನ್ನು ತಡೆಯುವಂತೆ ಕೈಯೆತ್ತಿ ಕೂಗಿದರು. ಬಸವ ಕೇಳಲಿಲ್ಲ. ಗೇಟು ದಾಟಿ, ಬೀದಿ ದಾಟಿ, ತಿಪ್ಪೆಯೊಳಗೆ ಮೂತಿ ಹುದುಗಿಸಿ ನಿಂತ. ಕೋಳಿಗಳು ಕೊಕ್ಕೊಕ್ಕೋ ಎಂದು ಹಾರಿದವು. ಹ್ಯಾಂಡ್‌ಬ್ರೇಕ್ ಎಂಬುದೊಂದು ಇದೆಯೆಂದು ಕೆಂಚೇಶನಿಗೆ ಆಗ ನೆನಪಾಯಿತು!

"ಅಯ್ಯೋ, ತಿಪ್ಪೇಶನ ಮನೆಗೆ ಹೋಗಾಣ ಅಂದ್ರೆ ತಿಪ್ಪೆಗೇ ಹೋಗಿಬಿಟ್ರಲ್ರೀ!" ಎಂದು ಸುಚಿತ್ರಾ ಓಡಿಬಂದಳು.

ಚಿಕ್ಕಹನುಮಂತಪ್ಪ ಲುಂಗಿ ಎತ್ತಿಕಟ್ಟಿ ಹೊರಬಂದ. "ಗೊಬ್ಬರ ಬೇಕಿದ್ರೆ ಕೇಳಿದ್ರೆ ಕೊಡ್ತಿದ್ದೆ ಕೆಂಚೇಶಣ್ಣ. ಕಾರಿನಾಗೇ ತುಂಬಾಕೆ ಬರೋದಾ?"

ಕೆಂಚೇಶನಿಗೆ ಇದ್ಯಾವುದೂ ಕೇಳಿಸುತ್ತಿರಲಿಲ್ಲ. ಗಾಡಿ ನಿಂತಿದ್ದರೂ ಅವನ ಕಾಲು ಮಾತ್ರ ಬ್ರೇಕನ್ನು ದಬದಬ ತುಳಿಯುತ್ತಲೇ ಇತ್ತು. ತುಳಿದು ತುಳಿದು ಪೆಡಲು ಕಲ್ಲಿನಂತಾಯಿತು!

ನಾಲ್ಕು ಜನ ಕಾರನ್ನು ಹಿಂದಕ್ಕೆ ಎಳೆದರು. ಸುಚಿತ್ರಾ ಒಳಗೆ ಕೂತು ಮೆಲ್ಲಗೆ ಓಡಿಸಿ ನೋಡಿದಳು. ಒತ್ತಿದ ಕಡೆ ಗಾಡಿ ಗಪ್ಪನೆ ನಿಂತಿತು. ಕೀಂಯ್ ಎನ್ನಲೂ ಇಲ್ಲ.

"ನೋಡ್ದಾ?" ದುರುಗಮ್ಮನ ಮುಖ ಬೆಳಗಿತು. "ಹಣ್ಣಿನ ರಸ ಗಾಲಿಗೆ ಇಳಿಯಾಕೆ ಒಂಚೂರು ಹೊತ್ತು ತಗೊಂತು, ಅಷ್ಟೇ!"

ಒಳಗೆ ಹೋದ ಮೇಲೆ ಸುಚಿತ್ರಾ ವಿಡಿಯೋದ ಉಳಿದ ಚೂರನ್ನು ಹಚ್ಚಿದಳು. "ಇದನ್ನ ಮಾತ್ರ ಮರೀಬೇಡಿ," ಎಂದ ಗುರು. "ಗಾಡಿ ಕದಲಿಸೋ ಮೊದಲು ಪೆಡಲ್ ಗಟ್ಟಿಯಾಗೋವರೆಗೂ ಪಂಪ್ ಮಾಡಿ. ಇಲ್ಲಾಂದ್ರೆ ಮೊದಲ ಸಲ ಬ್ರೇಕ್ ಹಿಡಿಯೋದೇ ಇಲ್ಲ!"

ಸುಚಿತ್ರಾ ಗಂಡನನ್ನು ದಿಟ್ಟಿಸಿದಳು. "ಊರಿಗೆಲ್ಲಾ ಪಂಪ್ ಮಾರ್ತೀರಿ. ಮನೇಲಿ ಒಂದ್ ನಾಲ್ಕು ಸಲ ಪಂಪ್ ಹೊಡೆಯಾಕೆ ಆಗ್ಲಿಲ್ವಾ?"

ಕೆಂಚೇಶನಿಗೆ ಆಗ ಹೊಳೆಯಿತು. ಅವ್ವ ಹಣ್ಣು ತಾರದೇ ಹೋಗಿದ್ದರೆ ಆ ಮೊದಲ ಬ್ರೇಕನ್ನು ಬಸ್‌ಸ್ಟ್ಯಾಂಡಿನ ಜನರ ನಡುವೆ ಒತ್ತುತ್ತಿದ್ದನಲ್ಲ!

"ಮೆತ್ತಗೆ ಮಾತಾಡೇ. ಈ ವಿಡಿಯೋ ವಿಷಯ ನಿಮ್ಮೂರಿನಾಗೆ ಎತ್ಬೇಡ. ನನ್ ಮರ್ಯಾದೆ ಏನಾಗ್ಬೇಕು?"

"ಎತ್ತಲ್ಲ. ಕೀ ಕೊಡ್ರಿ."

ಹೀಗೆ ಸೊಕ್ಕೆ ಮುಟ್ಟುವ ಮೊದಲೇ ಸೊಕ್ಕು ಇಳಿಯಿತು. ಸೋಮವಾರ ಸುಚಿತ್ರಾ ಬೇಕಾದಲ್ಲಿ ಬೇಡವಾದಲ್ಲಿ ಹಾರ್ನ್ ಹೊಡೆಯುತ್ತಾ ತವರಿನ ಬಾಗಿಲಿಗೇ ಕಾರು ತಂದು ನಿಲ್ಲಿಸಿದಳು. ಅಳಿಯದೇವರು ಹಿಂದಿನ ಬಾಗಿಲಿನಿಂದ, ಉಂಡೆಯ ಡಬ್ಬಿ ಹೊತ್ತು ಇಳಿದರು.

ಕೂಸಿನ ಕಿವಿಗೆ ಹೆಸರು ಬಿತ್ತು. ಊಟಕ್ಕೆ ಕೂತವರ ಕಿವಿಗೆಲ್ಲ ದುರುಗಮ್ಮನ ನಿಂಬೆಹಣ್ಣಿನ ಕಥೆ ಬಿತ್ತು. ಕೇಳಿದ ಮರುಳಸಿದ್ದಪ್ಪ ಎಂಬ ಹಿರಿಯರು ಎಲೆ ಬಿಟ್ಟು ಎದ್ದೇ ಬಂದರು.

"ನಮ್ ಟ್ರ್ಯಾಕ್ಟರ್ ಬ್ರೇಕೂ ಹಿಡೀತಿಲ್ಲ ಕಣಮ್ಮಾ. ನಿಮ್ ಮಗಂಗೆ ಒಂದ್ಸಲ ತೋರಿಸ್ಲಾ?"

"ಅವ್ನ ಕೈಲೇನೈತೆ! ತಡೀರಿ, ಹಣ್ಣು ತರಾಕೆ ಕಳಿಸ್ತೀನಿ. ಕೆಂಚೇಶಾ!"

ಕೆಂಚೇಶ್ ನಿಜ ಹೇಳಲು ಬಾಯಿ ತೆರೆದ. ಆಚೆ ತೊಟ್ಟಿಲು ತೂಗುತ್ತಿದ್ದ ಸುಚಿತ್ರಾ ನಗುನಗುತ್ತಾ ಮೊಬೈಲು ಎತ್ತಿ ತೋರಿಸಿದಳು. ನಿಜ ಹೇಳಿದರೆ ವಿಡಿಯೋದ ವಿಷಯವೂ ಹೊರಬೀಳುತ್ತದಲ್ಲ! ತೆರೆದ ಬಾಯಿ ಮುಚ್ಚಿತು. ಚಪ್ಪಲಿ ಮೆಟ್ಟಿ ಬೀದಿಕೊನೆಯ ಅಂಗಡಿಗೆ ಹೋದವನು, ಬುಟ್ಟಿಯಲ್ಲಿದ್ದ ನಿಂಬೆಹಣ್ಣುಗಳನ್ನು ಒಂದೊಂದಾಗಿ ಹಿಚುಕಿ ನೋಡಿ ಹೇಳಿದ:

"ಇನ್ನೂ ದಪ್ಪನವು ಕೊಡಪ್ಪಾ. ಇದು ಟ್ರ್ಯಾಕ್ಟರಿಗೆ!"