ಮಾವನ ಹೊಂಡದ ಸಸ್ಯಾಹಾರಿ ಮೀನುಗಳು

ಮೀನಿಗೆ ಸೆಕೆಯಾದರೆ ತಾನು ಬೆವರುವ ಮನುಷ್ಯನನ್ನು ನೀವು ನೋಡಿದ್ದೀರಾ? ನೋಡಿರಲಾರಿರಿ. ನಾನು ನೋಡಿದ್ದೇನೆ, ಅವರಿಂದ ಬೈಸಿಕೊಂಡಿದ್ದೇನೆ, ಅವರ ಮನೆಯಲ್ಲಿ ಉಂಡು ಮಲಗಿದ್ದೇನೆ. ಅವರು ನನ್ನ ಸೋದರಮಾವ. ಹಂದನಕೆರೆ ಕಡೆ ತೆಂಗಿನ ತೋಟ, ಅಟ್ಟದ ತುಂಬ ಕೊಬ್ಬರಿಯಾಗಲು ಕಾಯುತ್ತಿರುವ ಕಾಯಿ, ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ. ಆ ವಂಶದಲ್ಲಿ ಯಾರೂ ಮೀನು ಬೇಯುವ ಒಲೆಯ ಹೊಗೆ ಬರುವ ದಿಕ್ಕಿಗೆ ಮುಖ ಮಾಡಿ ಕೂಡ ಕೂತವರಲ್ಲ. ಅಂಥ ಮನೆಯ ಯಜಮಾನರು ಮೀನು ಸಾಕಿದರು! ಅದೂ ಎಂಥದ್ದು? ಕರೆದರೆ ಬರುವ ನಮ್ಮ ಕಾಟ್ಲಾ, ರೋಹು ಅಲ್ಲ. ಅಮೆರಿಕದ ತಣ್ಣನೆಯ ಹೊಳೆಗಳಲ್ಲಿ, ಬಂಡೆಯ ನೆರಳಲ್ಲಿ ಹುಟ್ಟಿ ಬೆಳೆಯುವ ಸ್ಮಾಲ್‌ಮೌತ್ ಬಾಸ್. ಬಿಟ್ಟದ್ದೆಲ್ಲಿಗೆ? ಬೇಸಿಗೆಯಲ್ಲಿ ಕೈ ಅದ್ದಿದರೆ ಸ್ನಾನಕ್ಕೆ ಹದವಾಗಿದೆ ಅನ್ನಿಸುವ ತೋಟದ ಕೃಷಿ ಹೊಂಡಕ್ಕೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಹೇಳುವುದನ್ನು ಪೂರ್ತಿ ನಂಬಬೇಡಿ. ಮಾವನ ಕತೆಗಳನ್ನು ನಾನು ಎಷ್ಟು ಮದುವೆಮನೆಗಳಲ್ಲಿ ಹೇಳಿದ್ದೇನೆಂದರೆ, ಯಾವುದು ನಡೆದದ್ದು, ಯಾವುದು ಜನ ನಕ್ಕದ್ದಕ್ಕೆ ಉಳಿದುಕೊಂಡದ್ದು ಎಂದು ನನಗೇ ತಿಳಿಯದಂತಾಗಿದೆ. ನಗು ಬಂದ ಕಡೆ ನೆನಪು ದಪ್ಪವಾಗುತ್ತದೆ, ನಗು ಬಾರದ ಕಡೆ ಸವೆದು ಹೋಗುತ್ತದೆ. ಆದ್ದರಿಂದ ಈ ಕತೆ ಎಲ್ಲಾದರೂ ತೀರಾ ಓರಣವಾಗಿ ಕಂಡರೆ, ಅಲ್ಲಿ ನನ್ನ ಮೇಲೆ ಒಂದು ಕಣ್ಣಿಡಿ.

ಮೀನಿಗೂ ಮೊದಲು ಮಾವ ವೆನಿಲಾ ಬೆಳೆದಿದ್ದರು. ಅದು ಒಣಗಿತು. ಆಮೇಲೆ ಎಮು ಪಕ್ಷಿ ಸಾಕಿದರು. ಅವುಗಳಲ್ಲೊಂದು ಬೇಲಿ ನುಗ್ಗಿ ರಸ್ತೆಗೆ ಬಿದ್ದು, ಬಸ್ಸಿಗಿಂತ ಮೊದಲು ಹುಳಿಯಾರು ಮುಟ್ಟಿತು ಎಂದು ಊರಿನವರು ಇವತ್ತಿಗೂ ಹೇಳುತ್ತಾರೆ. ಉಳಿದವನ್ನು ಮಾವ ಸಿಕ್ಕವರಿಗೆ ಕೊಟ್ಟು ಕೈ ತೊಳೆದುಕೊಂಡರು. ಎಮು ಮುಗಿದ ಮೇಲೆ ಸುಮಾರು ಕಾಲ ಅವರು ಏನನ್ನೂ ಶುರು ಮಾಡಲಿಲ್ಲ. ಆ ಕಾಲದ ಕತೆಯನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಅದರಲ್ಲಿ ನಗುವಂಥದ್ದೇನೂ ಇಲ್ಲ.

ಆಮೇಲೆ ಒಂದು ದಿನ ಮೊಬೈಲಿನಲ್ಲಿ ಯಾರೋ ಬಿಳಿಯ ಮನುಷ್ಯ ಈ ಮೀನನ್ನು ಎತ್ತಿ ಹಿಡಿದು ಮುದ್ದಾಡುತ್ತಿರುವುದನ್ನು ಮಾವ ನೋಡಿದರು. ಕಂಚಿನ ಬಣ್ಣ, ಮೈಮೇಲೆ ಪಟ್ಟೆ, ಕೆಂಡದಂಥ ಕಣ್ಣು. ಹೆಸರಿನ ಅರ್ಥ ನನ್ನ ಕೈಲಿ ಹೇಳಿಸಿಕೊಂಡು, ಅಲ್ಲೇ ‘ಕಿರುಬಾಯಿ’ ಎಂದು ನಾಮಕರಣವನ್ನೂ ಮುಗಿಸಿದರು.

“ಬಾಯಿ ಚಿಕ್ಕದು ಅಂದ್ರೆ ಏನಾಯ್ತು ಹೇಳ್ಲಾ?”

“ಏನಾಯ್ತು ಮಾವ?”

“ತಿನ್ನೋದು ಕಮ್ಮಿ ಆಯ್ತು. ಎಮುದು ಕೊಕ್ಕು ಎಷ್ಟು ದೊಡ್ಡದು ನೋಡಿದ್ಯಾ? ಅಲ್ಲೇ ಎಡವಿದ್ದು ನಾನು.”

ಈ ತರ್ಕದ ಬಲದ ಮೇಲೆ ಮಾವ ಎಲ್ಲಿಂದಲೋ ಬಣ್ಣದ ಮೀನಿನ ವ್ಯಾಪಾರಿಯೊಬ್ಬನನ್ನು ಹುಡುಕಿದರು. ಅವನು ಪ್ಲಾಸ್ಟಿಕ್ ಚೀಲಗಳಲ್ಲಿ ಗಾಳಿ ತುಂಬಿಸಿ ಬೆರಳುದ್ದದ ಮರಿಗಳನ್ನು ತಂದುಕೊಟ್ಟ. ಅವು ನಿಜಕ್ಕೂ ಅಮೆರಿಕದವೋ, ಇಲ್ಲೇ ಯಾವುದೋ ಕೆರೆಯವೋ, ನನಗೆ ಗೊತ್ತಿಲ್ಲ. ಮೀನಿನ ಗುರುತು ಹಿಡಿಯುವವರು ಆ ಮನೆಯಲ್ಲಿ ಯಾರಿದ್ದರು? ಕಣ್ಣು ಮಾತ್ರ ಕೆಂಪಗಿತ್ತು.

ಅತ್ತೆ ಅಂಗಳದಲ್ಲೇ ನಿಂತು ತೀರ್ಪು ಕೊಟ್ಟರು: “ಆ ಹೊಂಡದ ಕಡೆ ನಾನು ಕಾಲಿಡಾಕಿಲ್ಲ. ಅದನ್ನ ಮುಟ್ಟಿದ ಕೈಲಿ ನನ್ನ ಅಡಿಗೆಮನೆ ಬಾಗ್ಲೂ ಮುಟ್ಟಬ್ಯಾಡಿ.”

“ಮುಟ್ಟೋದ್ಯಾಕೆ? ಅಟ್ಟದ ಕಾಯಿ ಮುಟ್ತೀವಾ? ಬುಟ್ರೆ ತಾನಾಗೇ ಕೊಬ್ಬರಿ ಆಯ್ತದೆ” ಎಂದರು ಮಾವ.

ನಮ್ಮ ಕಡೆ ಕೊಬ್ಬರಿ ಮಾಡುವ ಕ್ರಮವೇ ಹಾಗೆ. ಕಾಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಅದರ ಪಾಡಿಗೆ ಬಿಟ್ಟುಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಉಂಡೆ ತಾನಾಗಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಪದೇ ಪದೇ ಅಟ್ಟ ಹತ್ತಿ ಇಣುಕಿದರೆ ಏನೂ ಆಗುವುದಿಲ್ಲ. ಜನ್ಮವಿಡೀ ಈ ಒಂದೇ ಕೆಲಸದಿಂದ ಅನ್ನ ಉಂಡ ಮಾವನಿಗೆ, ಲೋಕದ ಸಕಲ ಜೀವರಾಶಿಯೂ ಅಟ್ಟದ ಮೇಲಿನ ಕಾಯಿಯೇ.

ಆದರೆ ಬಿಸಿಲು ಬಂತು ನೋಡಿ, ಸಿದ್ಧಾಂತ ಅಲ್ಲಾಡಿತು. ಕಿರುಬಾಯಿಗೆ ತಂಪು ಬೇಕು ಎಂದು ಮೊಬೈಲು ಹೇಳಿತ್ತು. ಮಾವ ಹೊಂಡದ ಮೇಲೆ ಆ ಕಡೆಯಿಂದ ಈ ಕಡೆಗೆ ಕಂಬ ನೆಟ್ಟು, ಗಳ ಕಟ್ಟಿ, ಹಸಿ ತೆಂಗಿನ ಗರಿ ಹೊದಿಸಿ ಚಪ್ಪರ ಹಾಕಿಸಿದರು. ಕಂಬಕ್ಕೆ ಬಾಳೆಗಿಡವನ್ನೂ ಕಟ್ಟಿದ್ದರು ಎಂಬುದು ನನ್ನ ನೆನಪು. ಅದು ಸುಳ್ಳು, ಬಾಳೆ ಪಕ್ಕದಲ್ಲಿ ಬೆಳೆದಿತ್ತು ಅಷ್ಟೆ ಎಂಬುದು ನನ್ನ ಹೆಂಡತಿಯ ವಾದ. ಏನೇ ಇರಲಿ, ದಾರಿಯಲ್ಲಿ ಹೋಗುತ್ತಿದ್ದ ಕೆಂಕೆರೆ ಕಡೆಯವರೊಬ್ಬರು ಬೈಕ್ ನಿಲ್ಲಿಸಿ ಒಳಗೆ ಬಂದರು.

“ಯಾರ್ದು ಯಜಮಾನ್ರೇ ಮದ್ವೆ? ನಮಗೊಂದು ಮಾತು ಹೇಳ್ಲೇ ಇಲ್ಲ!”

“ಮದ್ವೆ ಅಲ್ಲ ಕಣಪ್ಪ. ಬಿಸ್ಲು ತಡೆಯಾಕೆ.”

“ಯಾರ್ಗೆ?”

“ಒಳಗಿರೋರ್ಗೆ.”

ಅವರು ಬಗ್ಗಿ ಹೊಂಡದ ಹಸಿರು ನೀರನ್ನು ನೋಡಿದರು. ಮಾವನನ್ನು ನೋಡಿದರು. “ಒಳ್ಳೇದಾಗ್ಲಿ” ಎಂದು, ಯಾಕೋ ಎರಡೂ ಕೈ ಮುಗಿದು ಹೊರಟುಹೋದರು.

ಚಪ್ಪರ ಸಾಲದು ಅನ್ನಿಸಿದಾಗ ಹುಳಿಯಾರಿನಿಂದ ಐಸು ತರಲು ಶುರು ಮಾಡಿದರು. ಗೋಣಿಚೀಲದಲ್ಲಿ ಸುತ್ತಿ, ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಬರುವಷ್ಟರಲ್ಲಿ ಅದು ದಾರಿಯುದ್ದಕ್ಕೂ ಗೆರೆ ಎಳೆದುಕೊಂಡು ಬಂದು, ತೋಟ ಮುಟ್ಟಿದಾಗ ಒಂದು ಬೆಲ್ಲದ ಅಚ್ಚಿನಷ್ಟು ಉಳಿದಿರುತ್ತಿತ್ತು. ಅದನ್ನೇ ಮಾವ ಭಕ್ತಿಯಿಂದ ಹೊಂಡಕ್ಕೆ ಬಿಡುತ್ತಿದ್ದರು. ಪಕ್ಕದ ತೋಟದ ಗೌಡರು ಬೇಲಿಯಾಚೆಯಿಂದ ಇದನ್ನು ದಿನಾ ನೋಡುತ್ತಿದ್ದರು. ಭಾನುವಾರ ತಪ್ಪದೆ ಮಸಾಲೆ ಅರೆಯುವ ಮನೆ ಅವರದು. ಮೀನಿನ ವಿಷಯದಲ್ಲಿ ಮಾತಾಡಲು ಹಕ್ಕಿದ್ದವರು ಅಲ್ಲಿ ಅವರೊಬ್ಬರೇ.

“ನಿಂಬೆಹಣ್ಣು ಕೊಡ್ಲಾ ಯಜಮಾನ್ರೇ? ಪಾನಕ ಮಾಡ್ಬುಡಾನ.”

ಮಾವನ ಕಣ್ಣು ನೀರಿನ ಮೇಲಿತ್ತು. ಅವರು ಮಗ್ನರಾಗಿದ್ದರು. ಮನೆಯಲ್ಲಿ ಮೊಮ್ಮಕ್ಕಳಿಗೆಂದು ಇಟ್ಟಿದ್ದ ಜ್ವರದ ಥರ್ಮಾಮೀಟರಿಗೆ ದಾರ ಕಟ್ಟಿ ನೀರಿಗೆ ಇಳಿಬಿಟ್ಟು, ಎತ್ತಿ, ಕನ್ನಡಕ ಮೇಲೇರಿಸಿ ನೋಡುತ್ತಿದ್ದರು. ಪಾದರಸ ಮೇಲಕ್ಕೆ ಏರಿರಲಿಲ್ಲ. ಮನುಷ್ಯರ ಜ್ವರ ನೋಡಲು ಮಾಡಿದ ಕಡ್ಡಿ, ಹೊಂಡದ ನೀರಿಗೆ ಹೇಗೆ ಏರೀತು?

“ಜ್ವರ ಇಲ್ಲ!” ಎಂದು ಘೋಷಿಸಿದರು ಮಾವ. ಆ ಸಂತೋಷಕ್ಕೆ ಆವತ್ತು ಸಂಜೆ ನಮಗೆಲ್ಲ ಎಳನೀರು.

ಇನ್ನು ಊಟದ ವಿಷಯ. ಕಿರುಬಾಯಿ ಮಾಂಸಾಹಾರಿ. ಸಣ್ಣ ಮೀನು, ಹುಳ, ಏಡಿ, ಅಲ್ಲಾಡುವುದೆಲ್ಲ ಅದಕ್ಕೆ ಊಟ. ಇದನ್ನು ನಾನು ಹೇಳಿದೆ, ಮೊಬೈಲೂ ಹೇಳಿತು. ಮಾವ ಇಬ್ಬರ ಮಾತನ್ನೂ ತಳ್ಳಿಹಾಕಿದರು.

“ನಮ್ಮ ಮನೇಲಿರೋವು ನಮ್ಮ ಮನೆ ಊಟವೇ ಉಣ್ಬೇಕು. ಒಂದು ಜೀವ ಸಾಕಾಕೆ ಇನ್ನೊಂದು ಜೀವ ತೆಗೆಯೋದಾ? ಆಗಾಕಿಲ್ಲ.”

ಹಾಗಾಗಿ ಕಿರುಬಾಯಿಗಳಿಗೆ ಬೆಳಿಗ್ಗೆ ಕೊಬ್ಬರಿ ಹಿಂಡಿ, ಸಂಜೆ ರಾಗಿಮುದ್ದೆಯ ಚೂರು. ಹಬ್ಬದ ದಿನ ಕಡ್ಲೆಪುರಿ. ಶಿವರಾತ್ರಿಯಂದು ಏನು ಹಾಕಿದರು ಎಂದು ಕೇಳುತ್ತೀರಾ? ಏನೂ ಇಲ್ಲ. ಉಪವಾಸ!

ಗೌಡರು ಬೇಲಿ ದಾಟಿ ಮನೆಯ ಜಗಲಿಗೇ ಬಂದರು. “ಮಿಲಿಟ್ರಿ ಹೋಟ್ಲಿಗೆ ಬಂದೋರ್ಗೆ ಮಠದ ಪ್ರಸಾದ ಬಡಿಸ್ತಿದೀರಲ್ರೀ! ಯುಗಾದಿ ದಾಟಾಕಿಲ್ಲ ಇವು, ಬರ್ಕೊಳ್ಳಿ ಬೇಕಾದ್ರೆ. ಅದ್ರ ಬದ್ಲು ನಮಗಾದ್ರೂ ಕೊಟ್ಬುಡಿ, ಒಂದು ಹೊತ್ತಿನ ಸಾರು ಆಯ್ತದೆ.”

ಜಗಲಿಯಲ್ಲಿದ್ದವರೆಲ್ಲ ನಕ್ಕರು. ನಾನು ಸ್ವಲ್ಪ ಜೋರಾಗಿಯೇ ನಕ್ಕಿರಬೇಕು. ಮಾವ ಮಾತ್ರ ನಗಲಿಲ್ಲ. ಹೆಗಲ ಮೇಲಿನ ಟವಲು ತೆಗೆದು ಕೊಡವಿ ಮತ್ತೆ ಹಾಕಿಕೊಂಡರು.

“ಮಳೆ ಬೀಳೋಗಂಟ ಇವು ಬದುಕಿದ್ರೆ ಬದುಕಿದವು. ಸತ್ರೆ ಹೊಂಡ ಮುಚ್ಚಿಸ್ಬುಡ್ತೀನಿ. ಆಮೇಲೆ ನಾನು ಏನೂ ಹಚ್ಕೊಳಾಕಿಲ್ಲ. ಸುಮ್ನೆ ಕೂತ್ಕತೀನಿ. ನಿಮ್ಗೆಲ್ಲಾ ನೆಮ್ದಿ.”

ನಾವು ಮತ್ತೆ ನಕ್ಕೆವು. ಮಾವ ಸುಮ್ಮನೆ ಕೂರುವುದೆಂದರೇನು! ಬಾಗಿಲಲ್ಲಿ ನಿಂತಿದ್ದ ಅತ್ತೆ ಒಳಗೆ ಹೋದರು.

ಆ ಬೇಸಿಗೆ ಮಾವನ ಮನೆಯಲ್ಲಿ ಎರಡು ಹೊಸ ಕಟ್ಟಳೆಗಳು ಬಂದವು. ಒಂದು ಮಾವನದು. ಮಧ್ಯಾಹ್ನ ಉಂಡ ಮೇಲೆ ಹೊತ್ತು ಇಳಿಯುವವರೆಗೆ ಹೊಂಡದ ಕಡೆ ಯಾರೂ ಹೋಗುವಂತಿಲ್ಲ, ತಾನೂ ಹೋಗುವಂತಿಲ್ಲ. ಕಿರುಬಾಯಿಗಳು ಮಲಗಿರುತ್ತವೆ! ಇನ್ನೊಂದು ಅತ್ತೆಯದು. ಬೆಳಗಿನ ಸ್ನಾನ, ಲಿಂಗಪೂಜೆಯ ಜೊತೆಗೆ ಮಧ್ಯಾಹ್ನವೂ ಒಂದು ತಲೆಸ್ನಾನ, ಒಂದು ಪೂಜೆ. ವಯಸ್ಸಾದಂತೆ ಭಕ್ತಿ ಹೆಚ್ಚುತ್ತಿದೆ ಎಂದರು ಕೆಲವರು. ಹೊಂಡದ ಗಾಳಿ ಸೋಕಿದ್ದಕ್ಕೆ ಮೈಲಿಗೆ ಕಳೆದುಕೊಳ್ಳುತ್ತಿದ್ದಾರೆ ಎಂದೆ ನಾನು, ಅದಕ್ಕೂ ನಗು ಬಂತು. ಮಾವ ಗೊಣಗಿದರು: “ಇವಳ ಪೂಜೆಗೆ ತೋಟದ ಸೌದೆ ಎಲ್ಲಾ ಬಚ್ಚಲಿಗೇ ಆಯ್ತದೆ ಕಣ್ಲಾ.”

ಯುಗಾದಿ ಬಂತು. ಕಿರುಬಾಯಿಗಳು ಸಾಯಲಿಲ್ಲ. ಸಂಜೆ ಮಾವ ಹಿಂಡಿ ಹಿಡಿದು ನಿಂತರೆ ನೀರಿನಲ್ಲಿ ಗುಳುಂ ಎಂದು ಸುಳಿ ಏಳುತ್ತಿತ್ತು. ಹಿಂಡಿ ಮಾತ್ರ ತೇಲುತ್ತಲೇ ಇರುತ್ತಿತ್ತು. “ನೋಡ್ದಾ? ಕೊಬ್ಬರಿ ಹಿಂಡಿ ಪವರ್ರು!” ಎಂದು ಮಾವ ಬೇಲಿಯ ಕಡೆ ತಿರುಗಿ, ಗೌಡರಿಗೆ ಕೇಳುವಂತೆ ಹೇಳುತ್ತಿದ್ದರು. ಗೌಡರು ತಲೆ ಕೆರೆದುಕೊಂಡರು. ಅವರ ಅನುಭವದ ಮೀನುಶಾಸ್ತ್ರ ಪೂರ್ತಿ ಕೆಟ್ಟುಹೋಗಿತ್ತು.

ಒಂದು ಮಧ್ಯಾಹ್ನ ಕಟ್ಟಳೆ ಮುರಿದು ನಾನು ಹೊಂಡದ ಕಡೆ ಹೋದೆ. ಯಾಕೆ ಹೋದೆ ಎಂಬುದಕ್ಕೆ ಬೇರೆ ಬೇರೆ ಕಡೆ ಬೇರೆ ಬೇರೆ ಕಾರಣ ಹೇಳಿದ್ದೇನೆ. ನಿಜ ಹೇಳಬೇಕೆಂದರೆ, ಒಳಗೆ ಸೆಕೆ ತಡೆಯಲಾಗಲಿಲ್ಲ, ಇಡೀ ತೋಟದಲ್ಲಿ ಒಳ್ಳೆಯ ನೆರಳಿದ್ದದ್ದು ಮೀನುಗಳಿಗೆ ಮಾತ್ರ!

ಚಪ್ಪರದ ಕೆಳಗೆ ಅತ್ತೆ ಕುಕ್ಕರಗಾಲಲ್ಲಿ ಕೂತಿದ್ದರು. ಸೀರೆ ಎತ್ತಿ ಸಿಕ್ಕಿಸಿದ್ದರು. ಕೈಯೆಲ್ಲ ಕೆಸರು. ಪಕ್ಕದಲ್ಲಿ ಒಂದು ತೆಂಗಿನ ಚಿಪ್ಪು, ಅದರ ತುಂಬ ಹೊರಳಾಡುವ ಎರೆಹುಳು. ತೆಂಗಿನ ಮರದ ಪಾತಿಯಲ್ಲಿ, ಸಿಪ್ಪೆ ಹೊದಿಸಿದ ತೇವದ ಮಣ್ಣು ಕೆದಕಿದರೆ ಬೇಸಿಗೆಯಲ್ಲೂ ಸಿಗುತ್ತವಲ್ಲ, ಅವು. ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡು, ಕಣ್ಣು ಮುಚ್ಚಿ, ಎರಡು ಬೆರಳಲ್ಲಿ ಒಂದನ್ನು ಎತ್ತಿ ನೀರಿಗೆ ಹಾಕುತ್ತಿದ್ದರು. ನೀರು ಸಿಡಿಯುತ್ತಿತ್ತು. ಕಂಚಿನ ಬೆನ್ನುಗಳು ಒಂದರ ಮೇಲೊಂದು ಬಿದ್ದು ಹೊಳೆದು ಮುಳುಗುತ್ತಿದ್ದವು. ಬಾಯಿ ಏನೂ ಅಷ್ಟು ಚಿಕ್ಕದಾಗಿರಲಿಲ್ಲ. ಪ್ರತಿ ಹುಳುವಿಗೂ ಅತ್ತೆ “ಶಿವ ಶಿವಾ, ತಪ್ಪಾಯ್ತು” ಅನ್ನುತ್ತಿದ್ದರು. ಇದನ್ನು ನಾನು ಸೇರಿಸಿದ್ದಲ್ಲ.

ನನ್ನ ನೆರಳು ಕಂಡು ಬೆಚ್ಚಿ ತಿರುಗಿದರು.

“ಅತ್ತೆ! ಹೊಂಡದ ಕಡೆ ಕಾಲಿಡಾಕಿಲ್ಲ ಅಂದಿದ್ರಿ.”

“ಹೂಂ ಅಂದಿದ್ದೆ. ನೀನೀಗ ಊರಿಗೆಲ್ಲ ಡಂಗುರ ಹೊಡಿ ಹೋಗು.”

“ಮಾವನಿಗೆ ಗೊತ್ತಾ?”

“ಗೊತ್ತಾದ್ರೆ ಉಣ್ತಾರಾ ನನ್ನ ಕೈಲಿ?” ಅತ್ತೆ ಚಿಪ್ಪನ್ನು ಸೆರಗಿನ ಹಿಂದೆ ಮರೆಮಾಡಿದರು, ಮೀನುಗಳಿಂದಲೋ ನನ್ನಿಂದಲೋ. “ಮೀನು ಹೋದ್ರೆ ಹೋಗ್ಲಿ ಕಣಪ್ಪ, ಅವೇನು ನನ್ನ ನೆಂಟ್ರಾ. ನಿಮ್ಮಾವ ಸುಮ್ನೆ ಕೂತ್ಕತೀನಿ ಅಂದ್ರಲ್ಲ, ನೀವೆಲ್ಲಾ ನಗಾಡಿದ್ರಿ. ಎಮು ಹೋದಾಗ ಅವ್ರು ಸುಮ್ನೆ ಕೂತಿದ್ದನ್ನ ನಾನು ನೋಡಿದೀನಿ. ಗೋಡೆಗೆ ಮುಖ ಮಾಡ್ಕೊಂಡು. ಕರೆದ್ರೆ ತಿರುಗ್ತಿರ್ನಿಲ್ಲ. ಒಂದ್ಸಲ ನೋಡಿದೀನಿ, ಇನ್ನೊಂದ್ಸಲ ನನ್ನ ಕೈಲಿ ಆಗಾಕಿಲ್ಲ.”

ಆಮೇಲೆ ಮತ್ತೆ ಆ ಕಡೆ ತಿರುಗಿ, ಕಣ್ಣು ಮುಚ್ಚಿ, ಇನ್ನೊಂದು ಹುಳು ಎತ್ತಿಕೊಂಡರು.

ನಾನು ಸದ್ದು ಮಾಡದೆ ಮನೆಗೆ ಬಂದೆ. ಹಿತ್ತಿಲ ಬಚ್ಚಲಿಂದ ಹೊಗೆ ಬರುತ್ತಿತ್ತು. ಇಣುಕಿದೆ. ಮಲಗಿದ್ದಾರೆ ಎಂದು ನಾನು ತಿಳಿದಿದ್ದ ಮಾವ, ಆ ಸುಡುಬಿಸಿಲಿನಲ್ಲಿ ಹಂಡೆಯ ಒಲೆಯ ಮುಂದೆ ಕೂತು, ಒಣಗಿದ ಗರಿ ಮುರಿದು ಮುರಿದು ಉರಿಗೆ ತಳ್ಳುತ್ತಿದ್ದರು. ಬೆನ್ನ ಮೇಲೆ ಬೆವರು ಹರಿಯುತ್ತಿತ್ತು.

“ಇಷ್ಟೊತ್ತಲ್ಲಿ ಏನು ಮಾವ?”

“ನಿಮ್ಮತ್ತೆ ಸ್ನಾನಕ್ಕೆ ಬರೋ ಹೊತ್ತಾಯ್ತು. ತಣ್ಣೀರು ಹುಯ್ಕೊಂಡ್ರೆ ಅವ್ಳಿಗೆ ಮಂಡಿ ಹಿಡ್ಕತದೆ.”

“ಮಧ್ಯಾಹ್ನ ಎಂಥ ಸ್ನಾನ ಮಾವ ಅವರದು?”

“ಸೆಕೆ ಕಣ್ಲಾ” ಎಂದರು ಮಾವ, ಬೆಂಕಿಯಿಂದ ಕಣ್ಣು ತೆಗೆಯದೆ.

ಈಗ ಕೂತು ಯೋಚಿಸುತ್ತೇನೆ. ಆ ಬೇಸಿಗೆ ಮೊದಲು ಬಂದದ್ದು ಯಾವುದು? ಅತ್ತೆಯ ಎರಡನೇ ಸ್ನಾನವೋ, ಮಧ್ಯಾಹ್ನ ಹೊಂಡದ ಕಡೆ ಯಾರೂ ಸುಳಿಯಕೂಡದೆಂಬ ಮಾವನ ಕಟ್ಟಳೆಯೋ? ಮೇಲೆ ಮಾವನ ಕಟ್ಟಳೆಯನ್ನು ಮೊದಲು ಬರೆದಿದ್ದೇನೆ. ಖಾತ್ರಿಯಿಲ್ಲ. ಇಬ್ಬರನ್ನೂ ಕೇಳಬಹುದು, ಇಬ್ಬರೂ ಇದ್ದಾರೆ, ಮೀನುಗಳೂ ಇವೆ. ಕೇಳಿಲ್ಲ. ಆವತ್ತು ಮಾಡಿದ್ದಿಷ್ಟೇ: ಅಂಗಿ ತೋಳು ಮಡಚಿ, ಮಾವನ ಪಕ್ಕ ಕೂತು, ಒಂದಷ್ಟು ಗರಿ ಮುರಿದುಕೊಟ್ಟೆ. ಹಂಡೆಯ ನೀರು ಕುದಿಯುವ ಮೊದಲು ಸಣ್ಣಗೆ ಗುನುಗಲು ಶುರು ಮಾಡಿತು. ಮಾವ ಒಂದು ಬೆರಳನ್ನು ಅದರಲ್ಲಿ ಅದ್ದಿ ನೋಡಿ, ಥರ್ಮಾಮೀಟರಿನ ಹಂಗಿಲ್ಲದೆ ಹೇಳಿದರು:

“ಹದವಾಗೈತೆ. ಎದ್ದೇಳು, ಅವಳು ಬರೋ ಹೊತ್ಗೆ ನಾವಿಲ್ಲಿ ಇರ್ಬಾರ್ದು.”