ಐದು ಗಂಟೆಗೆ ಎದ್ದ ಟೈಲರ್

ಯಶಸ್ವಿ ಪುರುಷನಾಗುವುದು ಇಷ್ಟು ಸುಲಭವೆಂದು ಮೊದಲೇ ಗೊತ್ತಿದ್ದರೆ, ಕೊರಟಗೆರೆ ಬಸ್ ನಿಲ್ದಾಣದ ಹಿಂದೆ ಇಷ್ಟು ವರ್ಷ ಬರೀ ಲೇಡೀಸ್ ಟೈಲರ್ ಆಗಿ ನಾನು ಕಾಲ ಕಳೆಯುತ್ತಿರಲಿಲ್ಲ. ಫೋನಿನಲ್ಲಿ ಕೋಟು ಹಾಕಿದ ಮಹಾಶಯರೊಬ್ಬರು ಅಪ್ಪಣೆ ಕೊಡಿಸಿದರು: ಬೆಳಗ್ಗೆ ಐದಕ್ಕೆ ಏಳಿ, ವಾಕಿಂಗ್ ಮಾಡಿ, ದಿನವಿಡೀ ಸತ್ಯವನ್ನೇ ಆಡಿ, ಬದುಕು ತಾನಾಗಿ ದಾರಿಗೆ ಬರುತ್ತದೆ. ಅವರ ಕೋಟಿನ ಹೊಲಿಗೆ ಭುಜದ ಹತ್ತಿರ ಸುಕ್ಕುಗಟ್ಟಿತ್ತು. ಆದರೂ ನಂಬಿದೆ!

ನಂಬಲು ಕಾರಣವಿತ್ತು. ನನ್ನ ಹೆಂಡತಿ ಪದ್ಮಳ ತಮ್ಮನ ಮದುವೆ ಪಾವಗಡದಲ್ಲಿ ನಿಕ್ಕಿಯಾಗಿತ್ತು. ಅವಳ ರೇಷ್ಮೆ ಸೀರೆಯ ಬ್ಲೌಸ್ ಪೀಸ್ ಯುಗಾದಿಯಿಂದಲೂ ನನ್ನ ಮಿಷನ್ನಿನ ಪಕ್ಕದಲ್ಲಿ ಮಡಚಿಟ್ಟಂತೆಯೇ ಕುಳಿತಿತ್ತು.

“ನಮ್ ತಂಗಿ ಮದ್ವೇಗೂ ಹಳೇ ಬ್ಲೌಸ್‌ಗೆ ಪಿನ್ ಚುಚ್ಕೊಂಡು ಹೋಗಿದ್ದೆ ಕಣ್ರೀ. ಟೈಲರ್ ಹೆಂಡ್ರು ಬಂದ್ಲು ನೋಡ್ರಿ ಅಂತ ಎಲ್ರೂ ನಕ್ರು. ಈ ಸಲಾನೂ ಹಂಗೇ ಆದ್ರೆ ನಾನು ಪಾವಗಡದಲ್ಲೇ ಉಳ್ಕೊಂಬುಡ್ತೀನಿ, ಅಷ್ಟೇಯ” ಎಂದಳು ಪದ್ಮ.

ಹೇಳುವಾಗ ಅವಳ ದನಿ ನಡುಗಿತು. ಎದೆ ಮುಟ್ಟಿಕೊಂಡು ಪ್ರತಿಜ್ಞೆ ಮಾಡಿದೆ: “ನಾಳೆಯಿಂದ ಐದಕ್ಕೆ ಏಳ್ತೀನಿ. ವಾಕಿಂಗ್ ಮುಗಿಸ್ಕೊಂಡು ಬಂದು, ಅಂಗಡಿ ಬಾಗ್ಲು ತೆಗೆಯೋಕೆ ಮುಂಚೆ ನಿನ್ ಬ್ಲೌಸೇ ಮೊದ್ಲು!”

“ಐದಕ್ಕಾ? ಹಾಲಿನವ್ನು ನಿಮ್ಮನ್ನ ನೋಡಿ ಹೆದರ್ಕೊಂಡಾನು” ಎಂದಳು.

ಮರುದಿನ ತೋವಿನಕೆರೆ ರಸ್ತೆಯಲ್ಲಿ ಕೈ ಬೀಸಿಕೊಂಡು ಹೊರಟೆ. ತಂಪು ಗಾಳಿ, ನಿರ್ಮಲ ಮನಸ್ಸು. ಎದುರಿಗೆ ನಿವೃತ್ತ ಟೀಚರ್ ಗಿರಿಜಮ್ಮ! ಕೊರಟಗೆರೆಯ ಸಮಸ್ತ ಸ್ತ್ರೀ ಸಮುದಾಯವು ಆ ಹೊತ್ತಿಗೆ ಅದೇ ರಸ್ತೆಯಲ್ಲಿ ವಾಕಿಂಗ್ ಮಾಡುತ್ತದೆಂಬ ಸಂಗತಿ ನನಗೆ ತಿಳಿದಿರಲಿಲ್ಲ. ಆ ಹೊತ್ತಿಗೆ ನಾನು ಎಂದಾದರೂ ಎದ್ದಿದ್ದರೆ ತಾನೇ ತಿಳಿಯುವುದು?

“ಏನಪ್ಪಾ ನಾಗರಾಜ, ನನ್ ಬ್ಲೌಸ್ ಏನಾಯ್ತು?”

ಅಂಗಡಿಯಲ್ಲಾಗಿದ್ದರೆ ಚಿಂತೆಯಿರಲಿಲ್ಲ. ಅಲ್ಲಿ ಪರದೆಯಿದೆ. ನಾನು ಪರದೆಯ ಹಿಂದೆ ಉಸಿರು ಬಿಗಿಹಿಡಿದು ಕೂರುತ್ತೇನೆ, ಪದ್ಮ ಹೊರಗೆ ನಿಂತು “ದಾರ ತರಾಕೆ ತುಮಕೂರಿಗೆ ಹೋಗವ್ರೆ” ಎನ್ನುತ್ತಾಳೆ. ಸಿಕ್ಕಿಬಿದ್ದರೂ “ಹುಕ್ಸ್ ಒಂದೇ ಬಾಕಿ” ಎಂಬ ಮಹಾಮಂತ್ರವಿದೆ. ಆದರೆ ತೋವಿನಕೆರೆ ರಸ್ತೆಗೆ ಪರದೆ ಇಲ್ಲ. ಮೇಲೆ ಸತ್ಯವ್ರತ ಬೇರೆ!

“ಟೀಚರ್, ಇನ್ನೂ ಕತ್ತರಿಯೇ ಹಾಕಿಲ್ಲ.”

ಟೀಚರ್ ಬೈಯಲಿಲ್ಲ. ತಮ್ಮ ವಾಕಿಂಗನ್ನು ಅಲ್ಲಿಗೇ ನಿಲ್ಲಿಸಿ ನನ್ನ ಜೊತೆ ತಿರುಗಿದರು. “ನಡಿ, ಈಗ್ಲೇ ಹಾಕು. ನಾನ್ ಕಣ್ಣಾರೆ ನೋಡ್ಬೇಕು.” ದಾರಿಯಲ್ಲಿ ಸಿಕ್ಕವರಿಗೆಲ್ಲ ನಾನು ಸತ್ಯ ನುಡಿಯುತ್ತಾ ಹೋದೆ, ಅವರೆಲ್ಲ ಹಿಂದೆ ಸೇರಿಕೊಳ್ಳುತ್ತಾ ಬಂದರು. ಅಂಗಡಿ ತಲುಪುವ ಹೊತ್ತಿಗೆ ದಿಬ್ಬಣವೇ ಆಗಿತ್ತು. ಬೆಂಚಿನ ಮೇಲೆ ಕುಳಿತವರು ಬ್ಲೌಸ್ ಕೈಗೆ ಬರುವವರೆಗೆ ಏಳಲಿಲ್ಲ. ಪದ್ಮ ಎಲ್ಲರಿಗೂ ಕಾಫಿ ಕೊಟ್ಟಳು. ಅವಳ ಬಟ್ಟೆ ಮಡಚಿಟ್ಟಲ್ಲೇ ಇತ್ತು.

ಮರುದಿನ ಜಾಣತನದಿಂದ ಮಧುಗಿರಿ ರಸ್ತೆ ಹಿಡಿದೆ. ಅಲ್ಲಿ ಆ ಕಡೆಯ ಬಡಾವಣೆಯವರು ಸಿಕ್ಕರು. ಮತ್ತೆ ಸತ್ಯ, ಮತ್ತೆ ದಿಬ್ಬಣ, ಮತ್ತೆ ಕಾಫಿ. “ಸಕ್ಕರೆ ಮುಗೀತು” ಎಂದಳು ಪದ್ಮ. ಅಷ್ಟೇ ಎಂದಳು.

ಸತ್ಯ ಬಿಡುವಂತಿಲ್ಲ, ವಾಕಿಂಗ್ ಬಿಡುವಂತಿಲ್ಲ. ಆದ್ದರಿಂದ ಮಂಕಿ ಕ್ಯಾಪ್ ಧರಿಸಿದೆ! ಕಣ್ಣೆರಡು ಬಿಟ್ಟು ಇನ್ನೇನೂ ಕಾಣದು. ಹೆಂಗಸರು ಎದುರಾದರೆ ಮರದ ಮರೆಗೆ ನಿಲ್ಲುವುದು, ಅವರು ದಾಟಿದ ಮೇಲೆ ಸದ್ದಿಲ್ಲದೆ ಹಿಂದೆ ಹಿಂದೆಯೇ ಹೊರಡುವುದು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

“ಅಯ್ಯಯ್ಯೋ, ಸರ ಕೀಳೋನು ಕಣ್ರೇ!”

ಓಡಿದೆ. ಬೆಳಗಿನ ಓಟವೂ ಯಶಸ್ಸಿಗೆ ಒಳ್ಳೆಯದಂತೆ. ಎದುರಿಗೆ ಸೊಪ್ಪಿನ ಬುಟ್ಟಿ ಹೊತ್ತು ಬರುತ್ತಿದ್ದ ಲಕ್ಕಮ್ಮಜ್ಜಿ ಅವಸರವಿಲ್ಲದೆ ಬುಟ್ಟಿ ಇಳಿಸಿ, ಅಡ್ಡಗಾಲು ಕೊಟ್ಟಳು. ನಾನು ಬೋರಲು ಬಿದ್ದೆ. ಅಜ್ಜಿ ಟೋಪಿ ಕಿತ್ತಳು.

“ಥೂ, ಇವ್ನು ನಮ್ ಟೈಲರ್ ನಾಗ ಕಣ್ರವ್ವಾ! ಲೇ, ನಮ್ ಮೊಮ್ಮಗಳ ಲಂಗ ಎಲ್ಲಿ ಮಡಗಿದ್ದೀಯ್ಲಾ?”

“ಅಜ್ಜೀ, ಎಲ್ಲಿಟ್ಟೆ ಅಂತ ಗ್ಯಾಪ್ಕ ಇಲ್ಲ” ಎಂದೆ. ಸತ್ಯ!

“ನೀನು ಕಳ್ಳನೇ ಆಗಿದ್ರೆ ವಾಸಿಯಾಗಿತ್ತು. ಪೊಲೀಸ್ರಾದ್ರೂ ಹುಡುಕ್ಕೊಡೋರು!”

ಆಮೇಲೆ ಬಾಕಿಯಿದ್ದ ಲಂಗ, ಬ್ಲೌಸುಗಳೆಲ್ಲ ಮುಗಿದವು. ಒಂದನ್ನುಳಿದು. ಪಾವಗಡಕ್ಕೆ ಹೊರಡುವ ಹಿಂದಿನ ಸಂಜೆ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ. “ಬುಡಿ, ಬಟ್ಟೆ ಜೋಡಿಸ್ಕೊಳಿ” ಎಂದಳು ಪದ್ಮ ಶಾಂತವಾಗಿ. ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲವಾದ್ದರಿಂದ ನಿಜವಾಗಿಯೂ ಹೆದರಿದೆ. ವಾಪಸು ಬರುವಾಗ ಬಸ್ಸಿನಲ್ಲಿ ನಾನೊಬ್ಬನೇ ಎಂದು ಖಾತ್ರಿಯಾಯಿತು.

ಪಾವಗಡದ ಮಂಟಪದಲ್ಲಿ ಪದ್ಮ ಸೀರೆ ಉಟ್ಟು ಹೊರಬಂದಳು. ಹೊಸ ಬ್ಲೌಸ್! ತೋಳಲ್ಲಾಗಲಿ ಬೆನ್ನಲ್ಲಾಗಲಿ ಒಂದು ಸುಕ್ಕಿಲ್ಲ. ಅವಳ ಮುಖ ಅರಳಿದ್ದನ್ನು ಕಂಡು ನನ್ನ ಕಣ್ಣು ತುಂಬಿತು. ಹೊಲಿದವರು ಯಾರೆಂದು ಕೇಳುವಷ್ಟರಲ್ಲಿ ನಮ್ಮ ತೆಲುಗು ಅತ್ತೆ ತಮ್ಮ ಮಗಳಿಗೆ ನೆಟಿಕೆ ಮುರಿದು, ನೆಂಟರಿಗೆಲ್ಲ ಕೇಳುವಂತೆ ಕೂಗಿದರು: “ಅಲ್ಲುಡೂ, ಎಂತ ಬಾಗ ಕುಟ್ಟಿನಾವಯ್ಯಾ! ಅಳಿಯ ಅಂದ್ರೆ ಇವ್ನಪ್ಪಾ, ಏನ್ ಹೊಲ್ದವ್ನೆ!”

ಸತ್ಯವ್ರತ? ಅದು ಕೊರಟಗೆರೆ ತಾಲ್ಲೂಕಿಗೆ ಮಾತ್ರ ಅನ್ವಯ!

“ಏನೋ ಅತ್ತೆ, ಐದಕ್ಕೆ ಏಳೋ ಅಭ್ಯಾಸ” ಎಂದೆ ವಿನಯದಿಂದ. ಊಟದ ಪಂಕ್ತಿಯಲ್ಲಿ ಅಕ್ಕಪಕ್ಕದವರಿಗೆ ಆ ಬಗ್ಗೆ ಉಪನ್ಯಾಸವನ್ನೂ ಕೊಟ್ಟೆ. ಒಬ್ಬಟ್ಟು ಬಡಿಸಲು ಬಂದ ಪದ್ಮ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು: “ಭಾಷ್ಣ ಆಯ್ತಾ? ಇದನ್ನ ಹೊಲ್ದಿದ್ದು ನಮ್ ಹಿಂದಿನ ಬೀದಿ ಸಲೀಂ ಭಾಯಿ. ಸೋಮವಾರ ಕೊಟ್ಟೆ, ಬುಧವಾರ ಕೊಟ್ರು.”

ಕೈಯಲ್ಲಿದ್ದ ಒಬ್ಬಟ್ಟನ್ನು ಎಲೆಗೇ ಹಾಕಿ ಕೇಳಿದೆ: “ಆವಯ್ಯ ಎಷ್ಟೊತ್ತಿಗೆ ಏಳ್ತಾನಂತೆ?”

“ಒಂಬತ್ಗೆ. ಅದೂ ಅವ್ರ ಹೆಂಡ್ರು ಎಬ್ಬಿಸಿದ್ರೆ!”

ಈಗ ಅತ್ತೆ ತಮ್ಮ ಬ್ಲೌಸುಗಳನ್ನೂ ನನಗೇ ಕಳಿಸುತ್ತಾರೆ. ನನಗೋ, ಐದಕ್ಕೇ ಎಚ್ಚರವಾಗಿಬಿಡುತ್ತದೆ. ಬಟ್ಟೆ ಕಂಕುಳಲ್ಲಿಟ್ಟುಕೊಂಡು ಸಲೀಂ ಭಾಯಿಯ ಅಂಗಡಿಗೆ ಹೋಗಿ, ಆತ ಏಳುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ!