ಆಚೆಮನೆಯ ಜಿಗಿಹುಳು

ಹಳ್ಳಿಗಳಿಂದ ಸುದ್ದಿ ತರಿಸಿಕೊಳ್ಳುವ ಕೆಲಸ ಹಿಡಿದವಳಿಗೆ ನಗು ಸಂಬಳದ ಜೊತೆಗೇ ಬರುತ್ತದೆ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಅಂಕೋಲೆಯಲ್ಲಿ ಕೃಷಿ ಸಹಾಯಕಿ. ಹಿಂದಿನ ವರ್ಷ ಭತ್ತದ ಬುಡದ ರಸ ಹೀರುವ ಜಿಗಿಹುಳು ಬಿದ್ದದ್ದು ತಿಳಿಯುವಷ್ಟರಲ್ಲಿ ಭತ್ತವೆಲ್ಲ ಸುಟ್ಟಂತಾಗಿತ್ತು. ಅದಕ್ಕೇ ಹತ್ತು ಊರಿನವರು ಸೋಮವಾರ ಬೆಳಿಗ್ಗೆ ಮಳೆ, ಹುಳುವಿನ ಲೆಕ್ಕ ಫೋನಿನಲ್ಲಿ ಹೇಳುವುದು, ನಾನದನ್ನು ಕಾರವಾರದ ಜಿಲ್ಲಾ ಕಚೇರಿಗೆ ಮುಟ್ಟಿಸುವುದು, ಅಲ್ಲಿಂದ ಎಲ್ಲರಿಗೂ ಎಚ್ಚರಿಕೆ ಹೋಗುವುದು ಎಂದಾಯಿತು. ಇದು ನಡೆದೇ ನಡೆಯುತ್ತದೆಂದು ನನಗೆ ಅನುಮಾನವೇ ಇರಲಿಲ್ಲ.

೧. ಆಯ್ತವಾರದ ಮಳೆ

ಹಣಕೋಣದ ಅಜ್ಜರೊಬ್ಬರಿಗೆ ಮಳೆಮಾಪಕ ಕೊಟ್ಟಿದ್ದೆವು. ಆರು ದಿನದ ಲೆಕ್ಕ ಕರಾರುವಾಕ್ಕು, ಆಯ್ತವಾರ ಮಾತ್ರ ಸೊನ್ನೆ. ಅದೂ ಕೊಡೆ ಮುರಿಯುವಂಥ ಮಳೆ ಬಂದ ದಿನ.

"ಅಜ್ಜಾ, ನಿನ್ನೆ ಮಳೆ ಬರಲಿಲ್ವಾ?"

"ಬಂತಲ್ಲ ಅಕ್ಕೋರೆ, ತುಂಬಿ ಚೆಲ್ತು," ಎಂದರು. ಅವರಿಗೆ ಸರಕಾರಿ ಹೆಂಗಸರೆಲ್ಲ ಶಾಲೆಯ ಅಕ್ಕೋರೇ. "ಆದ್ರೆ ಆಯ್ತವಾರ ನಿಮ್ಮ ಆಫೀಸಿಗೆ ರಜೆ ಅಲ್ವಾ? ಬರೆದ್ರೆ ನೋಡೋರ್ಯಾರು?"

೨. ಸೊನ್ನೆಯ ಗುಟ್ಟು

ಸುಂಕಸಾಳದ ಯಜಮಾನರೊಬ್ಬರ ಹುಳುವಿನ ಲೆಕ್ಕ ವಾರವಾರವೂ ಸೊನ್ನೆ. ಹೋಗಿ ಭತ್ತದ ಬುಡ ಬಗ್ಗಿಸಿ ನೋಡಿದರೆ ಜಿಗಿಹುಳು ಮೆತ್ತಿಕೊಂಡಿದೆ.

"ಇದೇನಿದು?" ಎಂದೆ.

"ಮೆಲ್ಲಗೆ ಮಾತಾಡಿ ಅಕ್ಕೋರೆ. ಮಗಳಿಗೆ ಗಂಡು ನೋಡ್ತಾ ಇದ್ದೇವೆ. ನಮ್ಮ ಗದ್ದೆಗೆ ಹುಳ ಬಿದ್ದದೆ ಅಂತ ಜಿಲ್ಲೆಗೆಲ್ಲ ಡಂಗುರ ಹೊಡಿಬೇಕಾ?"

ವಿಚಾರಿಸಿದರೆ ಎಲ್ಲ ಊರಿನ ಸೊನ್ನೆಗೂ ಇದೇ ಕಾರಣ. ಮಾನ ಉಳಿಸಲು ಹೋಗಿ ಅನ್ನ ಕಳೆದುಕೊಳ್ಳುತ್ತಾರಲ್ಲ ಎಂದು ಸಿಟ್ಟೇ ಬಂತು. ಕಡೆಗೆ ಒಂದು ಉಪಾಯ ಮಾಡಿದೆ: ಇನ್ನು ಯಾರೂ ಸ್ವಂತ ಗದ್ದೆ ಎಣಿಸುವುದು ಬೇಡ, ಆಚೆಮನೆಯವರದ್ದು ಎಣಿಸಿ.

ಮರುಸೋಮವಾರ ನಾನು ಹಲ್ಲುಜ್ಜುವ ಮೊದಲೇ ಫೋನುಗಳು ಬಂದವು. ಒಬ್ಬರಂತೂ ಮರಿಹುಳುಗಳನ್ನೂ ಬಿಡದೆ ಬೇರೆಯಾಗಿ ಎಣಿಸಿದ್ದರು.

೩. ಅತ್ತೆಯ ತಿದ್ದುಪಡಿ

ಎಚ್ಚರಿಕೆ ವೇಳೆಗೆ ಮುಟ್ಟಿತು. ಊರೂರಲ್ಲಿ ಗದ್ದೆಯ ನೀರು ಹೊರಗೆ ಬಿಟ್ಟು, ಹುಳು ನಿಲ್ಲದಂತೆ ಬುಡ ಒಣಗಿಸತೊಡಗಿದರು. ಆದರೆ ಆ ಸೋಮವಾರದ ಕೊನೆಯ ಫೋನು, ಹತ್ತರಲ್ಲೊಂದಾದ ನಮ್ಮೂರಿನಿಂದ, ನಮ್ಮ ಪಕ್ಕದ ಮನೆಯಾಕೆಯದು. ಎಲ್ಲಕ್ಕಿಂತ ಹೆಚ್ಚು ಹುಳು ಇರುವುದು ನನ್ನ ಅತ್ತೆಯ ಗದ್ದೆಯಲ್ಲೇ ಎಂದು ಬಹಳ ಸಂತೋಷದಿಂದ ತಿಳಿಸಿದಳು.

ಮನೆಗೆ ಓಡಿದೆ. ಆವತ್ತೇ ನೀರು ಬಿಡದಿದ್ದರೆ ವರ್ಷದ ಅಕ್ಕಿ ಹೋದಂತೆ. ಅತ್ತೆ ಒಪ್ಪಲೊಲ್ಲರು.

"ನೀರು ಬಿಟ್ರೆ ಊರಿಗೆಲ್ಲ ಗೊತ್ತಾಗ್ತದೆ."

"ಊರೇನು ಅತ್ತೆ, ಕಾರವಾರಕ್ಕೇ ಗೊತ್ತಾಗಿದೆ."

ಅತ್ತೆ ಸೀರೆ ಎತ್ತಿಕಟ್ಟಿ, ಗುದ್ದಲಿ ಹಿಡಿದು ತಾವೇ ಬದು ಕಡಿದರು. ನೀರು ಹರಿಯಿತು, ಬೆಳೆ ಉಳಿಯುವಂತಾಯಿತು. ಅವರ ಬಗ್ಗೆ ನನಗೆ ಹೆಮ್ಮೆಯಾಯಿತು.

ಗುದ್ದಲಿ ತೊಳೆಯುತ್ತ ಕೇಳಿದರು: "ನಮ್ಮದು ಎಷ್ಟು ಅಂದ್ಳು ಅವಳು?"

"ಬುಡಕ್ಕೆ ಇಪ್ಪತ್ತೈದು."

"ಅವಳ ಗದ್ದೆ ನಾ ಎಣಿಸಿದಾಗ ಹತ್ತೇ ಇತ್ತು. ಹಂಗಾದ್ರೆ ತಿದ್ದಿ ಬರಿ. ಹತ್ತರ ಮೇಲಿನ ಹದಿನೈದು ಅಲ್ಲಿಂದ್ಲೇ ನಮ್ಮಲ್ಲಿಗೆ ಊಟಕ್ಕೆ ಬಂದವು. ಅವನ್ನು ಅವಳ ಹೆಸರಿಗೇ ಹಾಕು."